ಹತ್ತುವ ಗೇರಿನಲ್ಲೇ ಇಳಿ

ಪುಟ್ಟೀ,

ಮೊನ್ನೆ ನಿನ್ನ ಹೊಸ ಕಾರಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟವನು ನಾನೇ. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಾದ ಮೇಲೆ ನೀನು ಗಾಡಿಯನ್ನು ಮೆಲ್ಲಗೆ ಒಂದು ಮಾರು ಮುಂದಕ್ಕೆ ತಂದೆ. ನಿಂಬೆಹಣ್ಣು ಚಟ್ಟೆಂದು ಒಡೆದದ್ದೇ ತಡ, ನಿನ್ನಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ತನ್ನ ದುಡಿಮೆಯಿಂದ ಕೊಂಡ ಮೊದಲ ಕಾರು ಅದು. ನನಗೂ ಗಂಟಲು ಕಟ್ಟಿತ್ತು. ಅದಕ್ಕೇ ಅವತ್ತು ಬಾಯಿ ಬಿಡಲಿಲ್ಲ. ನೆಂಟರಿಷ್ಟರು ಸೇರಿದ ಹೋಳಿಗೆ ಊಟದ ದಿನ ಕಾರಿನಲ್ಲಿ ಕಂಡ ತಪ್ಪುಗಳನ್ನು ಎತ್ತಿ ಆಡುವುದು ಹಿರಿಯನಾದವನಿಗೆ ಶೋಭೆಯಲ್ಲ. ಆದರೆ ಈಗಲೂ ಹೇಳದೆ ಉಳಿದರೆ, ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಆಮೇಲೆ ಏಳು ವರ್ಷ ಹುಡುಗರಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದ ಈ ದೊಡ್ಡಪ್ಪ ಇದ್ದೂ ಏನು ಬಂತು?

ಕೀ ಕೊಡುವಾಗ ಶೋರೂಮಿನ ಹುಡುಗ ಬೆರಳು ಮಡಿಸುತ್ತಾ ಲೆಕ್ಕ ಹೇಳಿದನಲ್ಲ: ಆರು ಏರ್‌ಬ್ಯಾಗ್, ಎಬಿಎಸ್, ಗಾಡಿ ಅಡ್ಡಾದಿಡ್ಡಿ ಜಾರದಂತೆ ಹಿಡಿಯುವ ಇಎಸ್‌ಸಿ, ಹಿಂದೆ ಸೆನ್ಸರ್, ಕ್ಯಾಮೆರಾ. ಕೊನೆಗೆ "ಮೇಡಂ, ಇನ್ನು ನೀವು ನಿಶ್ಚಿಂತೆ" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ. ಆ 'ನಿಶ್ಚಿಂತೆ' ಅನ್ನುವ ಮಾತು ಮಾತ್ರ ನನ್ನ ಕಿವಿಯಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ಅವತ್ತು ಊಟಕ್ಕೆ ಮುಂಚೆ ನಾನು ಕಾರಿನೊಳಗೆ ಕಾಲು ಗಂಟೆ ಒಬ್ಬನೇ ಕೂತಿದ್ದೆ. ನಿನ್ನ ತಮ್ಮ ಪ್ರೀತಿಯಿಂದ ದಪ್ಪನೆಯ ಸೀಟ್ ಕವರ್ ಹೊಲಿಸಿ ಹಾಕಿಸಿದ್ದಾನೆ. ಮುಂದಿನ ಸೀಟಿನ ಬಾಗಿಲ ಕಡೆಯ ಅಂಚನ್ನು ಬೆರಳಿನಿಂದ ತಡವಿ ನೋಡು. ಕವರಿನಡಿ ಒಂದು ಪುಟ್ಟ ಪಟ್ಟಿ ಸಿಗುತ್ತದೆ, ಅದರ ಮೇಲೆ ಏರ್‌ಬ್ಯಾಗ್ ಎಂದು ಬರೆದಿದೆ. ಆರರಲ್ಲಿ ಎರಡು ಚೀಲ ಇರುವುದು ಅಲ್ಲೇ. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಅವು ಹೊಲಿಗೆ ಬಿಚ್ಚಿಕೊಂಡು ಹೊರಬಂದು ನಿನ್ನ ಪಕ್ಕೆಲುಬನ್ನು ಕಾಯಬೇಕು. ಅದರ ಬಾಯಿಗೇ ದಪ್ಪ ಬಟ್ಟೆ ಬಿಗಿದು ಹೊಲಿದರೆ ಅದು ಎಲ್ಲಿಂದ ಹೊರಬರಬೇಕು? ಡ್ಯಾಶ್‌ಬೋರ್ಡಿನ ಎಡಗಡೆ ನಿನ್ನಮ್ಮ ಅಂಟಿಸಿದ ಹಿತ್ತಾಳೆ ಗಣಪತಿಯೂ ಹಾಗೆಯೇ. ಅವನು ಕೂತಿರುವುದು ಪಕ್ಕದವರ ಏರ್‌ಬ್ಯಾಗ್ ಮುಚ್ಚಳದ ಮೇಲೆ. ಆ ಚೀಲ ಉಬ್ಬುವುದಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಕಾಗಿಲ್ಲ. ಆ ರಭಸಕ್ಕೆ ಹಿತ್ತಾಳೆ ಮೂರ್ತಿ ನೇರ ಎದುರು ಕೂತವರ ಮುಖಕ್ಕೆ ಬರುತ್ತದೆ. ವಿಘ್ನ ಕಳೆಯುವವನನ್ನು ನಾವೇ ವಿಘ್ನದ ಜಾಗದಲ್ಲಿ ಕೂರಿಸಬಾರದು ಮಗಳೇ. ಒಂದು ಸಣ್ಣ ಪಟವನ್ನು ನಡುವೆ, ಗೇರಿನ ಮುಂದೆ ಅಂಟಿಸಿಕೊ. ಮೂರ್ತಿಯನ್ನು ಮನೆಯ ದೇವರ ಗೂಡಿಗೆ ಕೊಡು.

ಮೂರನೆಯದು ನೋಡಿದಾಗ ನನಗೆ ನಿಜವಾಗಿ ಸಂಕಟವಾಯಿತು. ಮುಂದಿನ ಎಡ ಸೀಟಿನ ಬಕಲ್ಲಿಗೆ ಬೆಲ್ಟಿಲ್ಲದ ಬರಿಯ ಲೋಹದ ನಾಲಗೆಯೊಂದನ್ನು ಯಾರೋ ಸಿಕ್ಕಿಸಿದ್ದರು. ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಅನ್ನುವ ಸದ್ದು ನಿಲ್ಲಲಿ ಅಂತ. ಆ ಸದ್ದನ್ನು 2019ರ ಜುಲೈ 1ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಮಾಡಿದರು. ಚಾಲಕನ ಏರ್‌ಬ್ಯಾಗ್, ಹಿಂದಿನ ಸೆನ್ಸರ್, ವೇಗ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಎಚ್ಚರಿಸುವ ಸದ್ದು, ಎಲ್ಲವೂ ಅದೇ ದಿನ ಬಂದವು. ಅವುಗಳ ಹಿಂದೆ ವರ್ಷಗಟ್ಟಲೆ ವಾದ, ಹೋರಾಟ, ಎಷ್ಟೋ ಮನೆಗಳ ಕಣ್ಣೀರು ಇದೆ. ಅದನ್ನೆಲ್ಲ ಈ ಚಿಲ್ಲರೆ ಕಾಸಿನ ತಗಡು ಅಳಿಸಿ ಹಾಕುತ್ತದೆ. 2023ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಕ್ಲಿಪ್ಪುಗಳನ್ನು ಮಾರದಂತೆ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಾಗ, ತೆಗೆದುಹಾಕಿದ ಮಾರಾಟದ ಪುಟಗಳೇ 13,118. ನಾನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದೇನೆ. ಹುಡುಕಬೇಡಿ.

ಮುಂದುಗಡೆ ಕಬ್ಬಿಣದ ಗಾರ್ಡ್ ಹಾಕಿಸುತ್ತೇನೆಂದು ನಿನ್ನ ತಮ್ಮ ಅಳತೆ ತೆಗೆಯುತ್ತಿದ್ದ. ಬೇಡ ಅನ್ನು. 2017ರ ಡಿಸೆಂಬರಿನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಅದನ್ನು ನಿಷೇಧಿಸಿದೆ. ಗುದ್ದಿದಾಗ ಪೆಟ್ಟನ್ನು ತಾನು ನುಂಗುತ್ತಾ ಮುದುಡಲೆಂದೇ ಕಾರಿನ ಮೂತಿಯನ್ನು ಮಾಡಿರುತ್ತಾರೆ. ಕಬ್ಬಿಣ ಅಡ್ಡ ಬಂದರೆ ಪೆಟ್ಟು ನೇರ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗಿನ ಸೆನ್ಸರ್ ಕೂಡ ಮೋಸ ಹೋಗಬಹುದು. ದಾರಿಯಲ್ಲಿ ನಡೆಯುವವರ ಕಾಲಿನ ಗತಿಯಂತೂ ಹೇಳುವುದೇ ಬೇಡ.

ಊಟಕ್ಕೆ ಕೂತಾಗ ನಿನ್ನಪ್ಪ ಅಂದದ್ದು ನೆನಪಿದೆಯಾ? "ಓಡಿಸೋದು ಬರೋರಿಗೆ ಇದೆಲ್ಲ ಯಾಕೆ? ಅಣ್ಣ ಇಷ್ಟು ವರ್ಷ ಬಸ್ಸು ಓಡಿಸಿದ, ಅವನಿಗೆ ಯಾವ ಏರ್‌ಬ್ಯಾಗ್ ಇತ್ತು?" ಅದಕ್ಕೆ ನಿನ್ನ ಬೆಂಗಳೂರಿನ ಗೆಳತಿ, "ಇಲ್ಲ ಅಂಕಲ್, ಜನಕ್ಕೆ ಕಲಿಸಿ ಪ್ರಯೋಜನ ಇಲ್ಲ, ಗಾಡೀನೇ ಬುದ್ಧಿವಂತ ಆಗಬೇಕು" ಅಂದಳು. ಇಬ್ಬರೂ ನನ್ನ ಮುಖ ನೋಡಿದರು. ಅವತ್ತು ಕೊಡದ ಉತ್ತರ ಇಲ್ಲಿದೆ.

ನಿನ್ನಪ್ಪನ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಕೈ ಪಳಗಿದ್ದರೆ ಸಾಕು, ಉಳಿದದ್ದೆಲ್ಲ ಅಲಂಕಾರ ಅಂತ. ಆ ನಂಬಿಕೆ ಮುರಿದದ್ದು ಒಂದು ರಾತ್ರಿ. ಹಾಸನದಿಂದ ಬೆಂಗಳೂರಿಗೆ ನೈಟ್ ಸರ್ವಿಸ್. ಹಿಂದಿನ ದಿನ ಬಂಧುಗಳ ಮನೆ ಮದುವೆ, ಹಗಲು ನಿದ್ದೆ ಮಾಡಿರಲಿಲ್ಲ. ಹಿರಿಸಾವೆ ದಾಟಿ ಬೆಳ್ಳೂರು ಕ್ರಾಸ್ ಬರುವ ಮುಂಚೆ, ನಸುಕಿನ ಮೂರು ಗಂಟೆ. ಕಣ್ಣು ತೆರೆದೇ ಇತ್ತು ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಎಡಗಡೆಯ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿದು ಗರಗರ ಸದ್ದು ಬಂದಾಗಲೇ ಗೊತ್ತಾದದ್ದು, ಅಷ್ಟು ಹೊತ್ತು ನಾನು ಅಲ್ಲಿ ಇರಲೇ ಇಲ್ಲ ಎಂದು. ಎದುರಿಗೆ ಹತ್ತು ಗಜದಲ್ಲಿ ಹುಣಸೆಮರ. ಹೇಗೋ ಎಳೆದು ನಿಲ್ಲಿಸಿದೆ. ಹಿಂದೆ ನಲವತ್ತಕ್ಕೂ ಹೆಚ್ಚು ಜನ ಮಲಗಿದ್ದರು, ಕಂಡಕ್ಟರ್ ಕೂಡ ತೂಕಡಿಸುತ್ತಿದ್ದ. ಕೆಳಗಿಳಿದು ರೇಡಿಯೇಟರಿಗೆಂದು ಇಟ್ಟಿದ್ದ ಕ್ಯಾನಿನ ನೀರನ್ನು ಮುಖಕ್ಕೆ ಎರಚಿಕೊಂಡೆ. ಕೈ ನಡುಗುವುದು ನಿಲ್ಲಲೇ ಇಲ್ಲ. ಕಿಟಕಿಯಿಂದ ಮುದುಕರೊಬ್ಬರು, "ಯಾಕೆ ಡ್ರೈವರೇ, ಪಂಚರ್ರಾ?" ಅಂತ ಕೇಳಿದರು. "ಹೂಂ ಯಜಮಾನ್ರೇ, ಟೈರ್ ನೋಡ್ತಿದ್ದೀನಿ" ಅಂದೆ. ಆ ಸುಳ್ಳನ್ನು ಇವತ್ತಿನವರೆಗೂ ಯಾರ ಮುಂದೆಯೂ ಬಿಚ್ಚಿರಲಿಲ್ಲ.

ಆ ಮೂರು ನಾಲ್ಕು ಸೆಕೆಂಡಿನಲ್ಲಿ ನನ್ನ ಹದಿನೆಂಟು ವರ್ಷದ ಅನುಭವ ಎಲ್ಲಿತ್ತು? ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳನ್ನು ಕಣ್ಣು ಕಟ್ಟಿದರೂ ಹೇಳುತ್ತಿದ್ದವನು ನಾನು. ಒಳ್ಳೆಯ ಡ್ರೈವರನಿಗೂ ದಣಿವಾಗುತ್ತದೆ, ಜ್ವರ ಬರುತ್ತದೆ, ಮನೆಯ ಚಿಂತೆ ಇರುತ್ತದೆ. ಆ ರಾತ್ರಿ ನನ್ನನ್ನು ಉಳಿಸಿದ್ದು ರಸ್ತೆಯಂಚಿನ ಜಲ್ಲಿ. ಈಗ ಕೆಲವು ಹೆದ್ದಾರಿಗಳಲ್ಲಿ ಅಂಚಿನ ಬಿಳಿ ಗೆರೆಯನ್ನೇ ಉಬ್ಬುಬ್ಬಾಗಿ ಬಳಿದು, ಚಕ್ರ ಮುಟ್ಟಿದರೆ ಗರಗರ ಅನ್ನುವಂತೆ ಮಾಡಿದ್ದಾರೆ. ಆ ಸದ್ದು ಕೇಳಿದಾಗಲೆಲ್ಲ ನಾನು ಒಳಗೊಳಗೇ ಕೈಮುಗಿಯುತ್ತೇನೆ. ಆದ್ದರಿಂದ ಯಂತ್ರದ ರಕ್ಷಣೆ ಬೇಡ ಅನ್ನುವವರ ಜೊತೆ ನಾನಿಲ್ಲ. ನಿನ್ನ ಕಾರಿನಲ್ಲಿ ಇರುವುದೆಲ್ಲ ಬೇಕು. ಬಡವರು ಕೊಳ್ಳುವ ಅಗ್ಗದ ಕಾರಿನಲ್ಲೂ ಬೇಕು.

ಇನ್ನು ನಿನ್ನ ಗೆಳತಿಯ ಮಾತು. ನಾನು ಕಲಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತುದಾರರ ಶಿಬಿರವೊಂದರಲ್ಲಿ ಎರಡು ಸಂಗತಿ ಕೇಳಿದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ದಶಕದಲ್ಲಿ ಒಂದೇ ಟ್ಯಾಕ್ಸಿ ಕಂಪನಿಯ ಕೆಲವು ಕಾರಿಗೆ ಎಬಿಎಸ್ ಹಾಕಿಸಿ, ಉಳಿದವನ್ನು ಹಾಗೆಯೇ ಬಿಟ್ಟು ನೋಡಿದರಂತೆ. ಒಟ್ಟು ಅಪಘಾತದ ಸಂಖ್ಯೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಬ್ರೇಕ್ ಇದೆಯೆಂದು ಗೊತ್ತಿದ್ದವರು ತಿರುವುಗಳಲ್ಲಿ ಇನ್ನಷ್ಟು ರಭಸವಾಗಿ ಓಡಿಸಿದರು, ಮುಂದಿನ ಗಾಡಿಗೆ ಇನ್ನಷ್ಟು ಅಂಟಿಕೊಂಡು ಹೋದರು. ಬ್ರೇಕಿನಿಂದ ಆದ ಲಾಭವನ್ನೆಲ್ಲ ವೇಗ ತಿಂದುಹಾಕಿತು. ಇದನ್ನು ಕೇಳಿ ನಾವು ತರಬೇತುದಾರರೆಲ್ಲ ತಲೆದೂಗಿದೆವು, ನೋಡಿದ್ರಾ, ಕಲಿಸೋದೇ ದೊಡ್ಡದು ಅಂತ. ಆಮೇಲೆ ಬಂತು ಎರಡನೆಯದು. ನಾರ್ವೆ ದೇಶದಲ್ಲಿ 1979ರಲ್ಲಿ ಹೊಸ ಚಾಲಕರಿಗೆ ಹಿಮದ ರಸ್ತೆಯಲ್ಲಿ ಜಾರುವ ಗಾಡಿಯನ್ನು ಹತೋಟಿಗೆ ತರುವ ತರಬೇತಿಯನ್ನು ಕಡ್ಡಾಯ ಮಾಡಿದರು. ಲೆಕ್ಕ ಹಾಕಿ ನೋಡಿದರೆ, ಹಾಗೆ ಕಲಿತ ಗಂಡುಹುಡುಗರು ಜಾರುವ ರಸ್ತೆಯಲ್ಲಿ ಮೊದಲಿಗಿಂತ ಹೆಚ್ಚು ಅಪಘಾತ ಮಾಡಿಕೊಂಡಿದ್ದರು. ಜಾರಿದರೆ ಹಿಡಿಯಬಲ್ಲೆ ಎಂಬ ಧೈರ್ಯ ಬಂದದ್ದರಿಂದ ಜಾರುವಷ್ಟು ವೇಗವಾಗಿ ಹೋದರು. ಶಿಬಿರದಲ್ಲಿ ಯಾರೂ ಮಾತಾಡಲಿಲ್ಲ.

ಯೋಚಿಸಿದರೆ ಎರಡೂ ಒಂದೇ ಕಥೆ ಪುಟ್ಟೀ. ಕಷ್ಟಕಾಲಕ್ಕೆಂದು ಕೊಟ್ಟದ್ದನ್ನು, ಅದು ಬ್ರೇಕ್ ಆಗಲಿ, ವಿದ್ಯೆಯಾಗಲಿ, ಸುಖದ ಹೊತ್ತಿನಲ್ಲೇ ಖರ್ಚು ಮಾಡಿಬಿಟ್ಟರು.

ನನಗೆ ಕಲಿಸಿದ ಹಿರಿಯ ಡ್ರೈವರೊಬ್ಬರು ಮೊದಲ ಸಲ ಶಿರಾಡಿ ಇಳಿಸುವಾಗ ಒಂದೇ ಮಾತು ಹೇಳಿದ್ದರು. ಹತ್ತುವ ಗೇರಿನಲ್ಲೇ ಇಳಿ. ಘಾಟಿ ಹತ್ತಲು ಎರಡನೇ ಗೇರ್ ಬೇಕಾದರೆ ಇಳಿಯಲೂ ಎರಡನೇ ಗೇರೇ. ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಟಾಪ್ ಗೇರಿನಲ್ಲೋ ನ್ಯೂಟ್ರಲ್ಲಿನಲ್ಲೋ ಬಿಟ್ಟುಕೊಂಡು ಉದ್ದಕ್ಕೂ ಬ್ರೇಕ್ ತುಳಿಯುತ್ತಾ ಬಂದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ. ನಡುವೆ ಎಲ್ಲೋ ತಿರುವಿನಾಚೆ ಎತ್ತಿನಗಾಡಿ ಎದುರಾದಾಗ ಪೆಡಲ್ ಇರುತ್ತದೆ, ಬ್ರೇಕ್ ಇರುವುದಿಲ್ಲ. "ಬ್ರೇಕನ್ನ ದಾರಿಯುದ್ದಕ್ಕೂ ತಿಂದು ಮುಗಿಸಬೇಡ, ಉಳಿಸಿಕೊ" ಅಂತಿದ್ದರು. ನಿನ್ನದು ಗೇರ್ ಗಾಡಿಯೇ, ಸಕಲೇಶಪುರದಿಂದ ಕೆಳಗಿಳಿಯುವಾಗ ಇದು ಅಕ್ಷರಶಃ ಬೇಕು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ಬೆರಳು ಮಡಿಸಿ ಹೇಳಿದ ಒಂದೊಂದಕ್ಕೂ ಇದೇ ಮಾತು. ಆರು ಏರ್‌ಬ್ಯಾಗ್ ಇದೆಯೆಂದು ನಿನ್ನ ವೇಗ ಹತ್ತು ಕಿಲೋಮೀಟರ್ ಏರಿದರೆ, ಆ ಏರ್‌ಬ್ಯಾಗನ್ನು ನೀನು ಹೊರಡುವಾಗಲೇ ಖರ್ಚು ಮಾಡಿದಂತೆ.

ನಿನಗೆ ಕಲಿಸಿದ ಡ್ರೈವಿಂಗ್ ಶಾಲೆಯ ಬಗ್ಗೆ ಕೇಳಿ ಬೇಸರವಾಯಿತು. ನಿಯಮದ ಪ್ರಕಾರ 21 ದಿನ, ಕಡಿಮೆಯೆಂದರೂ 10 ಗಂಟೆ ಸ್ಟೇರಿಂಗ್ ನಿನ್ನ ಕೈಯಲ್ಲಿ ಇರಬೇಕು. ನಿನಗೆ ಸಿಕ್ಕಿದ್ದು ದಿನಕ್ಕೆ ಇಪ್ಪತ್ತು ನಿಮಿಷ. ಅದರಲ್ಲೂ ಕಲಿಸುವವನ ಕಾಲು ತನ್ನ ಕಡೆಯ ಬ್ರೇಕಿನ ಮೇಲೆ, ಕಣ್ಣು ಮೊಬೈಲಿನ ಮೇಲೆ. ಮಳೆಯಲ್ಲಿ ಒಂದು ದಿನವೂ ಇಲ್ಲ, ರಾತ್ರಿ ಒಂದು ದಿನವೂ ಇಲ್ಲ, ಗಂಟೆಗೆ 40ರ ಮೇಲೆ ಹೋಗಿಯೇ ಇಲ್ಲ. ಹಾಗಿದ್ದೂ ಡಿಎಲ್ ಕೈಗೆ ಬಂದ ವಾರದಲ್ಲೇ ನೀನು ಹೆದ್ದಾರಿಯಲ್ಲಿ ಹಾಸನಕ್ಕೆ ಬಂದೆ. ನಿನ್ನ ತಪ್ಪಲ್ಲ, ಆದರೆ ಉಳಿದದ್ದನ್ನು ಈಗ ಕಲಿಯಬೇಕು. ನಾನು ಕಲಿಸುತ್ತೇನೆ.

ಮೊದಲು ಎಬಿಎಸ್. ನಿನ್ನ ಕಾರಿನಲ್ಲಿ ಅದು ಇದೆ, ಆದರೆ ಅದು ಕೆಲಸ ಮಾಡುವಾಗ ಕಾಲಿಗೆ ಹೇಗೆ ತಾಗುತ್ತದೆ ಅಂತ ನಿನಗೆ ಗೊತ್ತಿಲ್ಲ. ಪೂರ್ತಿ ಬಲ ಹಾಕಿ ತುಳಿದಾಗ ಪೆಡಲ್ ಅಂಗಾಲನ್ನು ಹಿಂದಕ್ಕೆ ತಳ್ಳುತ್ತಾ ಕಟಕಟಕಟ ಅನ್ನುತ್ತದೆ, ಏನೋ ಮುರಿಯಿತು ಅನ್ನುವ ಹಾಗೆ. ಹೊಸಬರು ಹೆದರಿ ಕಾಲು ಎತ್ತುತ್ತಾರೆ. ಎಷ್ಟೋ ಜನರನ್ನು ಕಣ್ಣಾರೆ ಕಂಡಿದ್ದೇನೆ. ಚಕ್ರ ಕಚ್ಚಿ ನಿಲ್ಲದಂತೆ ಬ್ರೇಕನ್ನು ಅದು ಕ್ಷಣಕ್ಕೆ ಹಲವು ಸಲ ಹಿಡಿದು ಬಿಡುತ್ತಿರುವ ಸದ್ದು ಅದು. ಕಾಲು ಎತ್ತಬಾರದು, ತುಳಿದೇ ಇದ್ದು ಸ್ಟೇರಿಂಗ್ ತಿರುಗಿಸಬೇಕು. ಎಬಿಎಸ್ ಕೊಡುವ ದೊಡ್ಡ ವರ ಅದೇ: ಬ್ರೇಕ್ ತುಳಿದಿರುವಾಗಲೂ ಗಾಡಿ ತಿರುಗುತ್ತದೆ. ಗಾಡಿ ಬೇಗ ನಿಲ್ಲುತ್ತದೆ ಅಂತ ಮಾತ್ರ ನಂಬಿಕೊಳ್ಳಬೇಡ. ಜಲ್ಲಿ ಹರಡಿದ ರಸ್ತೆಯಲ್ಲಿ ಇನ್ನೂ ಸ್ವಲ್ಪ ದೂರ ಹೋಗಿಯೇ ನಿಲ್ಲುತ್ತದೆ. ಸವೆದ ಟೈರಿಗೆ ಯಾವ ಎಬಿಎಸ್ಸೂ ಹಿಡಿತ ತಂದುಕೊಡುವುದಿಲ್ಲ. ಟೈರಿನ ಗೀರು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲೂ ಅದರ ಆಯಸ್ಸು ಮುಗಿಯಿತು. ಮಳೆಗಾಲಕ್ಕಾದರೆ ಅದಕ್ಕೂ ಮುಂಚೆಯೇ ಬದಲಿಸು.

ಆಮೇಲೆ ಅಂತರ. ನಾನು ಓಡಿಸುತ್ತಿದ್ದ ಬಸ್ಸು ಸುಮಾರು ಹನ್ನೊಂದು ಮೀಟರ್ ಉದ್ದ. ಗಂಟೆಗೆ 80ರಲ್ಲಿ ನಿನ್ನ ಕಾರು ಒಂದು ಸೆಕೆಂಡಿಗೆ ಅಂಥ ಎರಡು ಬಸ್ಸಿನಷ್ಟು ದೂರ ದಾಟುತ್ತದೆ, 100ರಲ್ಲಿ ಎರಡೂವರೆ ಬಸ್ಸು. ಆ ವೇಗದಲ್ಲಿ ಮುಂದಿನವನ ಕೆಂಪು ದೀಪ ಕಂಡು ನಿನ್ನ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಮುಟ್ಟುವ ಮುಂಚೆಯೇ ಸುಮಾರು ನಾಲ್ಕು ಬಸ್ಸು ಕಳೆದಿರುತ್ತದೆ. ಆ ನಾಲ್ಕು ಬಸ್ಸಿನಲ್ಲಿ ಯಾವ ಯಂತ್ರವೂ ನಿನ್ನ ನೆರವಿಗೆ ಬರುವುದಿಲ್ಲ. ಮುಂದಿನ ಗಾಡಿ ದಾಟಿದ ಕಂಬವನ್ನು ನೀನು ಮುಟ್ಟುವಷ್ಟರಲ್ಲಿ 'ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ' ಎಂದು ಹೇಳಿ ಮುಗಿದಿರಬೇಕು. ಮಳೆಯಾದರೆ ಇನ್ನೆರಡು ಸಾವಿರ ಸೇರಿಸು. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿ.

2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಆದದ್ದು ನಿನಗೆ ಗೊತ್ತೇ ಇದೆ, ಪ್ರತಿ ವಾರ ನೀನು ಊರಿಗೆ ಬರುವುದು ಆ ಕಡೆಯಿಂದಲೇ. ಕಂಟೇನರ್ ಲಾರಿಯೊಂದು ಡಿವೈಡರ್ ಹಾರಿ ಬಂದು ಆಚೆ ಬದಿಯ ಕಾರಿನ ಮೇಲೆ ಮಗುಚಿತು. ಸುರಕ್ಷತೆಗೆ ಲೋಕದಲ್ಲೇ ಹೆಸರಾದ ದೊಡ್ಡ ಕಾರು ಅದು. ಒಂದೇ ಮನೆಯ ಆರು ಜನ ಹೋದರು. ಅವರು ಒಂದು ತಪ್ಪೂ ಮಾಡಿರಲಿಲ್ಲ. ಮುಂದಿದ್ದ ಗಾಡಿ ಒಮ್ಮೆಲೇ ಬ್ರೇಕ್ ಹಾಕಿತು, ತಪ್ಪಿಸಲು ಹೋದೆ ಎಂದು ಲಾರಿಯ ಚಾಲಕ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿನ್ನ ಗಾಡಿಯೊಳಗಿನ ರಕ್ಷಣೆ ನಿನಗೆ. ನೀನು ಬಿಡುವ ಅಂತರ, ನೀನು ಮೆಲ್ಲಗೆ ಒತ್ತುವ ಬ್ರೇಕ್, ಎಷ್ಟೋ ಹಿಂದೆ ಬರುತ್ತಿರುವ, ನೀನು ಎಂದೂ ಮುಖ ನೋಡದ ಜನಕ್ಕೆ. ಮುಂದೆ ಏನೋ ಕಂಡರೆ ಮೊದಲೇ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ದೀಪ ಎರಡು ಸಲ ಮಿಣುಕಿಸಿ ಹಿಂದಿನವರಿಗೆ ಸುದ್ದಿ ಕೊಡು.

ವೇಗದ ಬಗ್ಗೆ ಉದ್ದ ಬರೆಯುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಮೊದಲ ಕೆಲವು ತಿಂಗಳು ಎಷ್ಟು ಜೀವ ಹೋದವು ಅಂತ ಎಲ್ಲರಿಗೂ ನೆನಪಿದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದರು. ವೇಗಮಿತಿ 100 ಎಂದು ಕ್ಯಾಮೆರಾ ಕಾವಲು ಹಾಕಿದರು, ಸಾವು ತಗ್ಗಿತು. ಕಾರುಗಳು ಅವೇ, ಓಡಿಸುವವರೂ ಅವರೇ. 130 ದಾಟಿದರೆ ಕೇಸು ಹಾಕುವುದೆಂದು 2024ರ ಆಗಸ್ಟಿನಿಂದ ನಮ್ಮ ಪೊಲೀಸರು ಗಟ್ಟಿಯಾಗಿ ಹೇಳಿದ್ದು ನನಗೆ ಬಹಳ ಸರಿ ಅನ್ನಿಸಿತು.

ಇನ್ನು ಬೆಲ್ಟ್. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಲ್ಮೆಟ್ ಹಾಕದವರು 50,029, ಸೀಟ್ ಬೆಲ್ಟ್ ಹಾಕದವರು 16,715. ಆ ಬೆಲ್ಟ್ ಹಾಕದವರಲ್ಲಿ ಅರ್ಧದಷ್ಟು ಮಂದಿ ಸ್ಟೇರಿಂಗ್ ಹಿಡಿದವರಲ್ಲ, ಜೊತೆಗೆ ಕೂತಿದ್ದವರು. ಅದೇ ವರ್ಷ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಹಿಂದೆ ಇದ್ದ ಇಬ್ಬರೂ ಹೋದರು, ಮುಂದೆ ಇದ್ದ ಇಬ್ಬರೂ ಉಳಿದರು. ದುಬಾರಿ ಕಾರು, ಏರ್‌ಬ್ಯಾಗಿಗೆ ಕೊರತೆಯಿರಲಿಲ್ಲ. ಬೆಲ್ಟ್ ಕಟ್ಟಿದವರನ್ನು ಹಿಡಿಯಲೆಂದೇ ಏರ್‌ಬ್ಯಾಗ್ ಮಾಡಿರುವುದು. ಕಟ್ಟದವರಿಗೆ ಅದೇ ಒಂದು ಪೆಟ್ಟಾಗಬಹುದು.

ನಿನ್ನಜ್ಜಿ ಬೆಲ್ಟ್ ಬೇಡ ಅನ್ನುವುದು ಹಟದಿಂದಲ್ಲ, ಹೊಟ್ಟೆ ಒತ್ತುತ್ತದೆ, ಸೆರಗು ಎಳೆಯುತ್ತದೆ ಅಂತ. ಹಾಕುವ ಕ್ರಮ ತೋರಿಸಿದರೆ ಒಪ್ಪುತ್ತಾರೆ, ನಾನು ಒಪ್ಪಿಸಿದ್ದೇನೆ. ಮೊದಲು ಸೆರಗನ್ನು ಮಡಿಸಿ ಮಡಿಲಿಗೆ ತರಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ನೆರಿಗೆ ಸಿಕ್ಕಿಸಿದ ಜಾಗಕ್ಕಿಂತ ಕೆಳಗೆ, ಸೊಂಟದ ಮೂಳೆಗೆ ತಾಗುವಂತೆ ತಗ್ಗಿನಲ್ಲಿ ಕೂರಬೇಕು. ಮೇಲಿನ ಪಟ್ಟಿ ಕತ್ತಿಗೆ ಉಜ್ಜದೆ ಭುಜದ ನಡುವೆ ಹಾಯಬೇಕು. ಕೊನೆಗೆ ಒಮ್ಮೆ ಮೇಲಕ್ಕೆ ಎಳೆದು ಸಡಿಲ ತೆಗೆದರೆ ಆಯಿತು. ಬಸುರಿ ಹೆಣ್ಣುಮಕ್ಕಳಿಗೂ ಇದೇ ಕ್ರಮ, ಪಟ್ಟಿ ಹೊಟ್ಟೆಯ ಕೆಳಗೆ. ನಿನ್ನಕ್ಕನ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಿರಿ. ಅದು ಮಾತ್ರ ಇನ್ನೆಂದೂ ಬೇಡ. ಗುದ್ದಿದ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಹಿಂದಿನ ಸೀಟಿಗೆ ಬಿಗಿಯುವ ಮಕ್ಕಳ ಸೀಟೊಂದನ್ನು ನಾನೇ ಉಡುಗೊರೆಯಾಗಿ ಕೊಡಿಸುತ್ತೇನೆ. ಅದನ್ನು ಸಿಕ್ಕಿಸುವ ಕೊಂಡಿ ಸೀಟಿನ ಸಂದಿನಲ್ಲೇ ಇದೆ, ನೋಡಿದ್ದೇನೆ.

ನಿದ್ದೆಯ ವಿಷಯ ನನ್ನ ಕಥೆಯಲ್ಲೇ ಬಂತು. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಹತ್ತು ಗಂಟೆಗೆ ಹೊರಡುವುದನ್ನು ಬಿಡು. ಕಿಟಕಿ ಇಳಿಸಿ, ಹಾಡು ಜೋರು ಮಾಡಿ ನಿದ್ದೆಯನ್ನು ಗೆದ್ದವರು ಯಾರೂ ಇಲ್ಲ. ಆಕಳಿಕೆ ಮೂರು ಸಲ ಬಂದರೆ ಕುಣಿಗಲ್ಲೋ ಬೆಳ್ಳೂರು ಕ್ರಾಸೋ, ದೀಪ ಇರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗು. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು, ನೈಟ್ ಸರ್ವಿಸ್ ಮಾಡಿದವನಿಗೆ ಅರ್ಧ ರಾತ್ರಿಯಲ್ಲಿ ಎಚ್ಚರವಾಗುವುದು ಈಗಲೂ ರೂಢಿ.

ಬರುವ ಭಾನುವಾರ ಬೆಳಗ್ಗೆ ಆರು ಗಂಟೆಗೆ ಬರುತ್ತೇನೆ. ಜಾತ್ರೆ ಮೈದಾನ ಆ ಹೊತ್ತಿಗೆ ಖಾಲಿ ಇರುತ್ತದೆ. ನಲವತ್ತರಲ್ಲಿ ಹೋಗಿ ಒಂದೇ ಏಟಿಗೆ ಬ್ರೇಕ್ ತುಳಿಯುವುದನ್ನು ಹತ್ತು ಸಲ ಮಾಡಿಸುತ್ತೇನೆ, ಆ ಕಟಕಟ ನಿನ್ನ ಕಾಲಿಗೆ ಗುರುತಾಗುವವರೆಗೆ. ಮಧ್ಯಾಹ್ನ ಶಿರಾಡಿಗೆ ಹೋಗೋಣ. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ. ಶನಿವಾರವೇ ಟೈರಿಗೆ ಗಾಳಿ ನೋಡಿಸು, ಎಷ್ಟು ಬೇಕೆಂದು ನಿನ್ನ ಕಡೆಯ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಸೀಟ್ ಕವರ್ ತೆಗೆದಿಟ್ಟಿರು. ತಮ್ಮನಿಗೆ ಬೈಯಬೇಡ, ಅವನನ್ನೂ ಎಬ್ಬಿಸಿ ಕರೆದುಕೊಂಡು ಬಾ.

ನಿನ್ನ
ದೊಡ್ಡಪ್ಪ